ಮಂಡಿಗೆ ಕಟ್ಟಿದ ಮ್ಯಾಗ್ನೆಟ್ ಪಟ್ಟಿ: ಅಪ್ಪನ ಅನುಭವ ಸಾಕ್ಷಿಯಾಗುತ್ತಾ?

ಹಿರಿಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ ಎಪ್ಪತ್ತು ದಾಟಿದೆ. ಮಂಡಿ ಸವೆದಿದೆ ಅಂತ ಡಾಕ್ಟರು ಹೇಳಿ ಬಹಳ ಕಾಲವಾಯಿತು. ಇತ್ತೀಚೆಗೆ ನೋವು ತೀರ ಜಾಸ್ತಿಯಾಗಿ ರಾತ್ರಿ ನಿದ್ದೆಯೂ ಹೋದಾಗ, ಪರಿಚಯದವರು ಹೇಳಿದರು ಅಂತ ಮಂಡಿಗೆ ಸುತ್ತಿಕೊಳ್ಳುವ ಮ್ಯಾಗ್ನೆಟ್ ಪಟ್ಟಿ ತರಿಸಿಕೊಂಡರು. ಒಂದೆರಡು ವಾರದಲ್ಲಿ ನೋವು ಇಳಿಯಿತು. ಇದು ನಿಜ, ನಾನೇ ಕಣ್ಣಾರೆ ನೋಡಿದ್ದೇನೆ. ಮೊದಲು ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಊರಿ ಇಳಿಯುತ್ತಿದ್ದವರು ಈಗ ಕಂಬಿ ಮುಟ್ಟದೆ ನೇರವಾಗಿ ಇಳಿಯುತ್ತಾರೆ.

ಪಟ್ಟಿಯ ಜೊತೆ ಬಂದ ಚೀಟಿಯಲ್ಲಿ, ರಕ್ತದಲ್ಲಿರುವ ಕಬ್ಬಿಣವನ್ನು ಆಯಸ್ಕಾಂತ ಸೆಳೆದು ರಕ್ತಸಂಚಾರ ಹೆಚ್ಚಿಸುತ್ತದೆ ಅಂತ ಇದೆ. ಅದನ್ನು ಮಾರುವವರೇ ಬಿಪಿಗೆ ಅಂತ ಕೈಗೆ ಕಟ್ಟುವ ಇನ್ನೊಂದು ಪಟ್ಟಿ ಮಾರುತ್ತಾರೆ. ಅಪ್ಪ ಅದನ್ನೂ ತರಿಸುವ ಯೋಚನೆಯಲ್ಲಿದ್ದಾರೆ. "ಮಂಡಿಗೆ ಆಗಿದ್ದು ಬಿಪಿಗೆ ಯಾಕಾಗಲ್ಲ? ಆಮೇಲೆ ಮಾತ್ರೆ ನಿಧಾನಕ್ಕೆ ಬಿಡ್ತೀನಿ" ಅಂತಾರೆ. ನನಗೆ ಭಯ ಶುರುವಾಗಿದ್ದು ಇಲ್ಲಿಂದ.

ತಮ್ಮ "ಇದೆಲ್ಲ ಬೊಗಳೆ, ಸೈನ್ಸ್ ಒಪ್ಪಲ್ಲ" ಅಂದ. ಅಪ್ಪ "ನೀನು ಓದಿದ್ದು ಹೇಳ್ತೀಯ, ನಾನು ಅನುಭವಿಸಿದ್ದು ಹೇಳ್ತೀನಿ" ಅಂದರು. ಮಾತು ಅಲ್ಲಿಗೇ ನಿಂತಿತು, ಇಬ್ಬರ ಮುಖವೂ ಗಡುಸಾಯಿತು. ಅಪ್ಪ ಮೂಢರಲ್ಲ. ಜೀವನವಿಡೀ ಲೆಕ್ಕಪತ್ರದ ಕೆಲಸ ಮಾಡಿದವರು, ತಾಳೆ ನೋಡದೆ ಒಂದು ಬಿಲ್ಲಿಗೂ ಸಹಿ ಹಾಕಿದವರಲ್ಲ.

ನನಗೆ ತಿಳಿಯಬೇಕಾದ್ದು ಇಷ್ಟು. ಅವರ ಅನುಭವವನ್ನು ಸಾಕ್ಷಿ ಅಂತ ಒಪ್ಪಬೇಕಾ, ಬೇಡವಾ? ಒಪ್ಪದಿದ್ದರೆ ಯಾಕೆ ಅಂತ ಅವರ ಮನಸ್ಸಿಗೆ ನೋವಾಗದ ಹಾಗೆ ಹೇಗೆ ಹೇಳಲಿ? "ಸೈನ್ಸ್ ಹೇಳುತ್ತೆ" ಅನ್ನುವ ಮಾತಿನಲ್ಲಿ ನನಗೂ ನಂಬಿಕೆಯಿಲ್ಲ. ಅದು ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸಿದ ಹಾಗೆ ಕೇಳಿಸುತ್ತದೆ.

ಲೆಕ್ಕದ ಮೇಷ್ಟ್ರು

ನಾನು ಗಣಿತ ಕಲಿಸುವವನು, ವೈದ್ಯನಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ಮುಖ್ಯವಾದ ಸುಳಿವಿದೆ. "ನೋವು ತೀರ ಜಾಸ್ತಿಯಾಗಿ ನಿದ್ದೆ ಹೋದಾಗ" ಪಟ್ಟಿ ತರಿಸಿದರು ಅಂದಿರಿ.

ಸವೆದ ಮಂಡಿಯ ನೋವು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ. ನಾವು ಹೊಸ ಉಪಾಯ ಹುಡುಕುವುದು ಏರಿದ್ದಾಗ. ತುತ್ತತುದಿಗೆ ಏರಿದ್ದು ಅಲ್ಲಿಂದ ಮುಂದೆ ಇಳಿಯುವ ಸಾಧ್ಯತೆಯೇ ಹೆಚ್ಚು. ಆ ಹೊತ್ತಿಗೆ ಏನು ಕಟ್ಟಿಕೊಂಡಿದ್ದೇವೋ, ಏನು ನುಂಗಿದ್ದೇವೋ, ಅದಕ್ಕೆ ಹೆಸರು ಬರುತ್ತದೆ. ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಇದನ್ನೇ ಲೆಕ್ಕದಲ್ಲಿ ತೋರಿಸಿದ. ತುಂಬ ಎತ್ತರದವರ ಮಕ್ಕಳು ಎತ್ತರವೇ ಇರುತ್ತಾರೆ, ಆದರೆ ಸರಾಸರಿಯಲ್ಲಿ ತಂದೆತಾಯಿಯಷ್ಟಲ್ಲ.

ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುವವರ ಜೊತೆ ಮಾತಾಡುವಾಗ ಇದೇ ಎದುರಾಗಿತ್ತು. ಒಬ್ಬ ಅನುಭವಿ ಹೇಳಿದ: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿದರೆ ಮುಂದಿನ ಸಲ ಸುಧಾರಿಸುತ್ತಾನೆ, ಹಾಗಾಗಿ ಹೊಗಳುವುದು ವ್ಯರ್ಥ. ಅವನು ಕಂಡದ್ದೆಲ್ಲ ನಿಜ. ಆದರೆ ಹೊಗಳದೆ ಗದರದೆ ಸುಮ್ಮನಿದ್ದರೂ ಅತಿ ಒಳ್ಳೆಯ ಹಾರಾಟದ ನಂತರದ್ದು ಸಾಮಾನ್ಯವಾಗಿ ಅಷ್ಟು ಚೆನ್ನಾಗಿರುತ್ತಿರಲಿಲ್ಲ, ಅತಿ ಕೆಟ್ಟದ್ದರ ನಂತರದ್ದು ಅಷ್ಟು ಕೆಟ್ಟದಾಗಿರುತ್ತಿರಲಿಲ್ಲ. ಪಾಠ ಹೇಳುವವನಾಗಿ ನನ್ನನ್ನು ಇದು ತುಂಬ ಕಾಡಿದೆ. ಎಷ್ಟು ತರಗತಿಗಳಲ್ಲಿ ಎಷ್ಟು ಮಕ್ಕಳು ಈ ಒಂದು ತಪ್ಪು ಲೆಕ್ಕದಿಂದ ಬೈಗುಳ ತಿಂದಿದ್ದಾರೋ.

ಪಟ್ಟಿಯಿಂದ ಏನೂ ಆಗಿಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ಇಷ್ಟು ಮಾತ್ರದಿಂದ ಪಟ್ಟಿಗೆ ಹೆಸರು ಕೊಡಲು ಬರುವುದಿಲ್ಲ, ಅಷ್ಟೇ.

ನಿವೃತ್ತ ನರ್ಸ್

ತಂಗಿ, ನಿಮ್ಮ ಅಪ್ಪನ ಅನುಭವವನ್ನು ಮೊದಲು ಒಪ್ಪಿಕೊಳ್ಳಿ. ಸಮಾಧಾನಕ್ಕೆ ಹೇಳುತ್ತಿಲ್ಲ, ಒಪ್ಪುವುದೇ ಸರಿಯಾದದ್ದು. ನೋವು ಎಷ್ಟಿದೆ ಅಂತ ಹೇಳಬಲ್ಲವರು ನೋಯುವವರೊಬ್ಬರೇ. ಔಷಧ ಪ್ರಯೋಗಗಳಲ್ಲೂ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ರೋಗಿಯನ್ನೇ ಕೇಳಿ ಬರೆದುಕೊಳ್ಳುತ್ತೇವೆ. ಹಾಗಾಗಿ "ನೋವು ಇಳಿದಿದೆ" ಅನ್ನುವುದಕ್ಕೆ ಅಪ್ಪ ಸಾಕ್ಷಿ, ಅವರಿಗಿಂತ ದೊಡ್ಡ ಸಾಕ್ಷಿ ಇಲ್ಲ. "ಪಟ್ಟಿಯಿಂದ ಇಳಿಯಿತು" ಅನ್ನುವುದು ಬೇರೆ ಮಾತು. ಪಟ್ಟಿ ಕಟ್ಟದಿದ್ದರೆ ಅದೇ ವಾರಗಳಲ್ಲಿ ಏನಾಗುತ್ತಿತ್ತು ಅಂತ ಅವರು ನೋಡಿಲ್ಲ, ಯಾರೂ ನೋಡಲು ಸಾಧ್ಯವಿರಲಿಲ್ಲ. ನಿಮ್ಮ ತಮ್ಮ ಎರಡು ಮಾತನ್ನೂ ಒಟ್ಟಿಗೆ ತಳ್ಳಿಹಾಕಿದರು, ಅಪ್ಪ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರು. ಇವೆರಡನ್ನು ಬಿಡಿಸಿ ಇಟ್ಟರೆ ಮಾತಾಡಲು ಜಾಗ ಸಿಗುತ್ತದೆ.

ನಾನು ಕೆಲಸದ ಬಹುಪಾಲು ವರ್ಷ ಔಷಧ ಪ್ರಯೋಗಗಳ ವಿಭಾಗದಲ್ಲಿದ್ದೆ. ಡಬ್ಬಿಯ ಮೇಲೆ ಔಷಧದ ಹೆಸರು ಇರುತ್ತಿರಲಿಲ್ಲ, ಬರೀ ನಂಬರ್. ಯಾವ ನಂಬರಿನಲ್ಲಿ ನಿಜವಾದ ಔಷಧ, ಯಾವುದರಲ್ಲಿ ಅದೇ ಬಣ್ಣದ ಖಾಲಿ ಮಾತ್ರೆ ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಕೈಗೆ ಕೊಡುವ ನನಗೂ ಗೊತ್ತಿಲ್ಲ. ಕೀಲುನೋವಿನ ಒಂದು ಪ್ರಯೋಗದಲ್ಲಿ ವಯಸ್ಸಾದ ಹೆಂಗಸೊಬ್ಬರು ಬರುತ್ತಿದ್ದರು. ಮೊದಲ ಭೇಟಿಯಲ್ಲಿ ಪೆನ್ನು ಹಿಡಿದು ಸಹಿ ಹಾಕಲು ಒದ್ದಾಡಿದವರು, ಕೆಲವು ಭೇಟಿ ಕಳೆದ ಮೇಲೆ ನನ್ನ ಮೇಜಿನ ಮುಂದೆ ನಿಂತು ಬೆರಳು ಒಂದೊಂದಾಗಿ ಮಡಚಿ ಬಿಚ್ಚಿ ತೋರಿಸಿದರು. "ಸಿಸ್ಟರ್, ಗುಂಡಿ ಈಗ ನಾನೇ ಹಾಕ್ಕೋತೀನಿ, ಮಗಳನ್ನ ಕರೆಯಲ್ಲ." ಪ್ರಯೋಗ ಮುಗಿದು ನಂಬರುಗಳ ಪಟ್ಟಿ ತೆರೆದಾಗ ಅವರದ್ದು ಖಾಲಿ ಮಾತ್ರೆ. ಅವರು ಸುಳ್ಳು ಹೇಳಿರಲಿಲ್ಲ. ಆ ಬೆರಳು ಮಡಚಿದ್ದನ್ನು ನಾನು ನೋಡಿದ್ದೆ. ಖಾಲಿ ಮಾತ್ರೆ ತೆಗೆದುಕೊಂಡ ಗುಂಪು ಪಕ್ಕದಲ್ಲಿ ಇರದೇ ಹೋಗಿದ್ದರೆ ನಾವೆಲ್ಲ ಸೇರಿ ಆ ಗೆಲುವನ್ನು ಔಷಧದ ಹೆಸರಿಗೆ ಬರೆಯುತ್ತಿದ್ದೆವು.

ಆಯಸ್ಕಾಂತದ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಕಣ್ಣು ಕಟ್ಟಿ ಪರೀಕ್ಷೆ ಮಾಡುವ ಪದ್ಧತಿ ಬೆಳೆದದ್ದರಲ್ಲಿ ಆಯಸ್ಕಾಂತದ ಚಿಕಿತ್ಸೆಗೇ ದೊಡ್ಡ ಪಾಲಿದೆ. ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯ "ಪ್ರಾಣಿ ಆಯಸ್ಕಾಂತ ಶಕ್ತಿ" ಅಂತ ಹೇಳಿಕೊಂಡು ಚಿಕಿತ್ಸೆ ಕೊಡುತ್ತಿದ್ದ. ಜನ ಮುಗಿಬಿದ್ದಿದ್ದರು. 1784ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ವಿಚಾರಣೆಗೆ ಒಂದು ಸಮಿತಿ ಮಾಡಿದ. ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೇ ಅದರಲ್ಲಿದ್ದರು. ಫ್ರಾಂಕ್ಲಿನ್ ಇದ್ದ ಮನೆಯ ತೋಟದಲ್ಲಿ ಒಂದು ಏಪ್ರಿಕಾಟ್ ಮರಕ್ಕೆ ಮೆಸ್ಮರನ ಶಿಷ್ಯನೇ ಬಂದು "ಶಕ್ತಿ ತುಂಬಿದ". ಆ ಶಕ್ತಿ ಚೆನ್ನಾಗಿ ತಾಗುತ್ತದೆ ಅಂತ ಅವನೇ ಆರಿಸಿ ತಂದ 12 ವರ್ಷದ ಹುಡುಗನ ಕಣ್ಣು ಕಟ್ಟಿ ಒಂದೊಂದೇ ಮರದ ಹತ್ತಿರ ಕರೆದೊಯ್ದರು. ಶಕ್ತಿ ತುಂಬದ ಮೊದಲ ಮರದ ಬಳಿಯೇ ಹುಡುಗ ಬೆವೆತು ಕೆಮ್ಮಿದ, ನಾಲ್ಕನೆಯದರ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದ. ಅದೂ ಶಕ್ತಿ ತುಂಬದ ಮರವೇ. ಆ ಹುಡುಗ ನಾಟಕ ಮಾಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟದಿದ್ದರೆ ಅವನು ಸರಿಯಾದ ಮರದ ಹತ್ತಿರವೇ ಬೀಳುತ್ತಿದ್ದ, ನೋಡಿದವರೆಲ್ಲ ನಂಬುತ್ತಿದ್ದರು.

ಆಮೇಲೆ ಅಮೆರಿಕದ ಪರ್ಕಿನ್ಸ್ ಎಂಬಾತ ನೋವಿನ ಜಾಗದ ಮೇಲೆ ಎಳೆಯುವ ಲೋಹದ ಚೂಪು ಕಡ್ಡಿಗಳಿಗೆ 1796ರಲ್ಲಿ ಪೇಟೆಂಟ್ ಪಡೆದ. 1799ರಲ್ಲಿ ಇಂಗ್ಲೆಂಡಿನ ಬಾತ್ ಎಂಬಲ್ಲಿ ವೈದ್ಯ ಜಾನ್ ಹೇಗಾರ್ತ್ ಮರದಲ್ಲಿ ಅಂಥದ್ದೇ ಕಡ್ಡಿ ಕೆತ್ತಿಸಿ, ಲೋಹದ್ದರಂತೆ ಕಾಣುವ ಹಾಗೆ ಮಾಡಿಸಿ, ಸಂಧಿವಾತದ ಐದು ಜನರ ಮೇಲೆ ಎಳೆದ. ನಾಲ್ವರು ನೋವು ಕಡಿಮೆಯಾಯಿತು ಅಂದರು. ಮರುದಿನ ನಿಜವಾದ ಲೋಹದ ಕಡ್ಡಿ. ಫಲ ಹೆಚ್ಚುಕಡಿಮೆ ಅದೇ.

ಇನ್ನೂ ಹತ್ತಿರದ್ದು ಬೇಕೆಂದರೆ, ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ರುಮಟಾಯ್ಡ್ ಸಂಧಿವಾತದ 70 ಜನ, ಪ್ರತಿಯೊಬ್ಬರೂ ನಾಲ್ಕು ಬಗೆಯವನ್ನು ಒಂದಾದ ಮೇಲೊಂದು, ಒಂದೊಂದನ್ನು ಐದು ವಾರ, ಕೈಗೆ ಧರಿಸಿದರು: ಪೂರ್ಣ ಶಕ್ತಿಯ ಮ್ಯಾಗ್ನೆಟ್ ಪಟ್ಟಿ, ದುರ್ಬಲ ಮ್ಯಾಗ್ನೆಟ್ ಪಟ್ಟಿ, ಶಕ್ತಿ ತೆಗೆದ ಪಟ್ಟಿ, ತಾಮ್ರದ ಬಳೆ. ನೋವಿನಲ್ಲಿ, ಬಾವಿನಲ್ಲಿ, ಕಾಯಿಲೆಯ ಏರಿಳಿತದಲ್ಲಿ ಶಕ್ತಿ ತೆಗೆದ ಪಟ್ಟಿಗಿಂತ ಬೇರೆಯವು ಮೇಲು ಅನ್ನುವಂಥ ವ್ಯತ್ಯಾಸ ಸಿಗಲಿಲ್ಲ. ಅದು ಬೇರೆ ಬಗೆಯ ಕೀಲು ಕಾಯಿಲೆ, ಅಪ್ಪನದು ಸವೆತ. ಆದರೆ ಇದೇ ಗುಂಪು ಕೆಲವು ವರ್ಷ ಮೊದಲು ಸವೆತದವರ ಮೇಲೂ ಇಂಥದ್ದೇ ಪ್ರಯೋಗ ಮಾಡಿ ಇದೇ ಕಡೆಗೆ ಬಂದಿತ್ತು.

ಚೀಟಿಯಲ್ಲಿರುವ ಕಬ್ಬಿಣದ ಮಾತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಕ್ತದಲ್ಲಿರುವ ಕಬ್ಬಿಣ ಹಿಮೋಗ್ಲೋಬಿನ್ನಿನೊಳಗೆ ಬಿಡಿಬಿಡಿ ಪರಮಾಣುವಾಗಿ ಸೇರಿಕೊಂಡಿದೆ, ಮೊಳೆಯ ಹಾಗೆ ಅಂಟುವುದಿಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಆಯಸ್ಕಾಂತದತ್ತ ಬರುವ ಬದಲು ತೀರ ಸ್ವಲ್ಪ ಆಚೆಗೇ ಸರಿಯುತ್ತದೆ. ಎಂಆರ್‌ಐ ಯಂತ್ರದ ಆಯಸ್ಕಾಂತ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ), ಈ ಪಟ್ಟಿಗಳಿಗಿಂತ ಎಷ್ಟೋ ಪಟ್ಟು ಬಲ. ಅದರೊಳಗೆ ಅರ್ಧ ಗಂಟೆ ಮಲಗಿ ಎದ್ದವರ ರಕ್ತ ಎಲ್ಲೂ ಓಡಿಹೋಗಿ ಗುಡ್ಡೆಯಾಗಿಲ್ಲ.

ಇಷ್ಟನ್ನೆಲ್ಲ ಅಪ್ಪನ ಮುಂದೆ ಓದಿ ಹೇಳಿದರೆ "ನೀನೂ ಓದಿದ್ದು ಹೇಳ್ತೀಯ" ಅಂದಾರು. ಹಾಗಾಗಿ ಓದಿ ಹೇಳಬೇಡಿ. ಅವರ ಕೈಯಲ್ಲೇ ಮಾಡಿಸಿ. ಲೆಕ್ಕಪತ್ರದವರಲ್ಲವೇ, ಪುಸ್ತಕ ಬರೆಯುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಪಟ್ಟಿಯೊಳಗಿನ ಮ್ಯಾಗ್ನೆಟ್ ತುಂಡುಗಳನ್ನು ತೆಗೆದು ಮತ್ತೆ ಹಾಕಲು ಬರುತ್ತದೆಯೇ ನೋಡಿ. ಬರುವುದಾದರೆ ಅಷ್ಟೇ ತೂಕದ, ಮ್ಯಾಗ್ನೆಟ್ ಅಲ್ಲದ ಲೋಹದ ತುಂಡು ಇನ್ನೊಂದು ಜೊತೆ ಇಟ್ಟುಕೊಳ್ಳಿ. ವಾರದ ಮೊದಲ ದಿನ ಅಪ್ಪನ ಕಣ್ಣಿಗೆ ಬೀಳದ ಕಡೆ ಒಬ್ಬರು ನಾಣ್ಯ ಚಿಮ್ಮಿ, ಆ ವಾರ ಯಾವುದು ಅಂತ ತೀರ್ಮಾನಿಸಿ ಒಳಗೆ ಸೇರಿಸಿ ಹೊಲಿದು ಕೊಡಲಿ, ಯಾವುದು ಅಂತ ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸಲಿ. ಅಪ್ಪ ಪ್ರತಿ ರಾತ್ರಿ ಮಲಗುವ ಮುಂಚೆ ನೋವಿಗೆ ಅಂಕಿ ಹಾಕಲಿ, ಅವತ್ತು ಎಷ್ಟು ನಡೆದರು, ನೋವಿನ ಮಾತ್ರೆ ನುಂಗಿದರೋ ಇಲ್ಲವೋ ಬರೆಯಲಿ. ಅಂಕಿ ಹಾಕುವಾಗ ಹಿಂದಿನ ಪುಟ ತಿರುಗಿಸಬಾರದು. ಕೆಲವು ವಾರಕ್ಕೆ ನಿಲ್ಲಿಸಬೇಡಿ, ಎರಡು ಬಗೆಯ ವಾರಗಳೂ ಸಾಕಷ್ಟು ಸಲ ಬರುವವರೆಗೆ ನಡೆಯಲಿ. ಕೀಲಿಯನ್ನೋ ಪಿನ್ನನ್ನೋ ಪಟ್ಟಿಗೆ ಹಿಡಿದು ನೋಡುವುದಿಲ್ಲ ಅಂತ ಅಪ್ಪನಿಂದ ಮಾತು ತೆಗೆದುಕೊಳ್ಳಿ. ದೊಡ್ಡ ಪ್ರಯೋಗಗಳಿಗೂ ಇದೇ ತಲೆನೋವು, ಆಯಸ್ಕಾಂತವನ್ನು ಬಚ್ಚಿಡುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲ ಪುಟದಲ್ಲಿ ಅವರ ಕೈಯಲ್ಲೇ ಬರೆಸಿ: ಎರಡು ಬಗೆಯ ವಾರಗಳ ನಡುವೆ ಎಷ್ಟು ವ್ಯತ್ಯಾಸ ಬಂದರೆ ಪಟ್ಟಿ ಕೆಲಸ ಮಾಡುತ್ತದೆ ಅಂತ ಒಪ್ಪುವುದು, ಎಷ್ಟಕ್ಕಿಂತ ಕಡಿಮೆ ಬಂದರೆ ಬಿಡುವುದು. ನೀವು, ತಮ್ಮ, ಅಪ್ಪ, ಮೂವರೂ ಸಹಿ ಹಾಕಿ. ಫಲ ಬಂದಮೇಲೆ ನಿಯಮ ಹುಡುಕಿದರೆ ಎಲ್ಲರಿಗೂ ಅವರವರಿಗೆ ಬೇಕಾದ ನಿಯಮ ಸಿಕ್ಕೇ ಸಿಗುತ್ತದೆ. ತಮ್ಮನಿಗೂ ಇದು ಅನ್ವಯಿಸುತ್ತದೆ, ಪಟ್ಟಿ ಗೆದ್ದರೆ ಅವರೂ ಒಪ್ಪಬೇಕು. ಅಪ್ಪನಿಗೆ ಗೊತ್ತಿಲ್ಲದ ಹಾಗೆ ಮಾತ್ರ ಇದನ್ನು ಮಾಡಬೇಡಿ. ಗೊತ್ತಾದ ದಿನ ಅವರು ನಿಮ್ಮನ್ನು ನಂಬುವುದು ಬಿಡುತ್ತಾರೆ.

ಅಪ್ಪನಿಗೆ ಪೇಸ್‌ಮೇಕರ್ (ಎದೆಬಡಿತ ಸರಿಯಾಗಿಡಲು ದೇಹದೊಳಗೆ ಕೂರಿಸುವ ಯಂತ್ರ) ಏನಾದರೂ ಇದ್ದರೆ ಇದೆಲ್ಲ ಬಿಡಿ, ಮ್ಯಾಗ್ನೆಟ್ ಹತ್ತಿರವೂ ತರಬೇಡಿ.

ಬಿಪಿ ಮಾತ್ರೆಯ ಮೇಲೆ ನಾಣ್ಯ ಚಿಮ್ಮುವ ಪ್ರಯೋಗ ಖಂಡಿತ ಬೇಡ. ನೋವು ಏರಿದರೆ ಅಪ್ಪನಿಗೆ ಗೊತ್ತಾಗುತ್ತದೆ. ಬಿಪಿ ಏರಿದರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಅದು ಅಪಾಯ. ಅಲ್ಲಿ "ನನಗೆ ಚೆನ್ನಾಗಿದೆ" ಅನ್ನುವ ಅನುಭವಕ್ಕೆ ಮಂಡಿಯಲ್ಲಿದ್ದ ತೂಕ ಇಲ್ಲ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ. ಮಾತ್ರೆ ಕೆಲಸ ಮಾಡುತ್ತದೆ ಅಂತ ಹೇಗೆ ಗೊತ್ತು ಅಂತ ಅಪ್ಪ ಕೇಳಬೇಕು, ಕೇಳಲಿ. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲ ಹೊರಬಂತು. ಬಿಪಿಯ ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಗಂಡಸರು. 73 ಜನಕ್ಕೆ ಔಷಧ, 70 ಜನಕ್ಕೆ ಖಾಲಿ ಮಾತ್ರೆ. ಖಾಲಿ ಮಾತ್ರೆಯವರಲ್ಲಿ 27 ಗಂಭೀರ ಅನಾಹುತಗಳು, ಔಷಧದವರಲ್ಲಿ 2. ಇಂದು ನಿಮ್ಮ ಅಪ್ಪ ನುಂಗುವ ಮಾತ್ರೆಯ ಹಿಂದೆ ಆ 70 ಜನರ ಋಣ ಇದೆ ಅಂತ ನಾನು ಯಾವಾಗಲೂ ನೆನೆಯುತ್ತೇನೆ.

ಮೂರು ಮಕ್ಕಳ ತಾಯಿ

ನರ್ಸಮ್ಮನವರ ಉತ್ತರ ಗೌರವದಿಂದ ಓದಿದೆ. ಆದರೂ ಒಂದು ಮಾತು ಹೇಳದೆ ಇರಲಾರೆ. ಬಿಪಿ ಮಾತ್ರೆ ಬಿಡಬಾರದು, ಒಪ್ಪಿದೆ. ಮಂಡಿ ಪಟ್ಟಿಯಿಂದ ಆ ಹಿರಿಯರಿಗೆ ನಿದ್ದೆ ಬರುತ್ತಿದೆ, ಮೆಟ್ಟಿಲು ಇಳಿಯುತ್ತಿದ್ದಾರೆ. ಅದನ್ನು ಪರೀಕ್ಷೆ ಅಂತ ಕಿತ್ತುಕೊಂಡು ಏನು ಸಾಧಿಸುತ್ತೀರಿ? ಇರಲಿ ಬಿಡಿ.

ಇನ್ನೊಂದು. ವಿಜ್ಞಾನ ವಿಜ್ಞಾನ ಅಂತೀರಿ. ನನ್ನ ದೊಡ್ಡ ಮಗ ಹುಟ್ಟಿದಾಗ ಬೋರಲು ಮಲಗಿಸಿ ಅಂದರು, ವಾಂತಿ ಆದರೆ ಗಂಟಲಿಗೆ ಸಿಕ್ಕುವುದಿಲ್ಲ ಅಂತ ಕಾರಣವನ್ನೂ ಹೇಳಿದರು. ಕೊನೆಯವಳು ಹುಟ್ಟುವ ಹೊತ್ತಿಗೆ ಅಂಗಾತವೇ ಮಲಗಿಸಬೇಕು, ಬೋರಲು ಅಪಾಯ ಅಂದರು. ಎರಡು ಸಲವೂ ಹೇಳಿದ್ದು ಓದಿದ ಡಾಕ್ಟರುಗಳೇ. ಇವತ್ತೊಂದು ನಾಳೆಯೊಂದು ಹೇಳುವವರನ್ನು ಯಾವ ಧೈರ್ಯದಲ್ಲಿ ನಂಬುವುದು?

ನಿವೃತ್ತ ನರ್ಸ್

ಅಮ್ಮಾ, ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ನನ್ನ ವೃತ್ತಿಯಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸಿದ ಸಂಗತಿಯನ್ನೇ ನೀವು ಎತ್ತಿದ್ದೀರಿ.

ಬೋರಲು ಮಲಗಿಸಿ ಅನ್ನುವ ಸಲಹೆ ಕಳೆದ ಶತಮಾನದ ನಡುವಿನಿಂದ 1980ರ ದಶಕದ ಕೊನೆಯವರೆಗೂ ಹೆಸರಾಂತ ಪುಸ್ತಕಗಳಲ್ಲಿತ್ತು. ಕಾರಣ ಕೇಳಲು ಚೆನ್ನಾಗಿತ್ತು, ಹೇಳಿದವರು ಮಕ್ಕಳನ್ನು ಪ್ರೀತಿಸುವ ತಿಳಿದವರು. ಆದರೆ ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಸಾಯುವುದು ಹೆಚ್ಚೋ, ಅಂಗಾತ ಮಲಗಿದವೋ ಅಂತ ಎಣಿಸಿ ತಾಳೆ ನೋಡಿ ಆ ಸಲಹೆ ಕೊಟ್ಟಿರಲಿಲ್ಲ. ಎಣಿಸಿದ್ದು ಆಮೇಲೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅನ್ನುವ ಪ್ರಚಾರ ಶುರುವಾಯಿತು, ತೊಟ್ಟಿಲಲ್ಲಿ ಕಾರಣವಿಲ್ಲದೆ ಸಾಯುವ ಕೂಸುಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರು ಇನ್ನೂ ಕಹಿಯಾದದ್ದನ್ನು ಕಂಡರು: 1970ರ ಹೊತ್ತಿಗೇ ಇದ್ದ ಅಂಕಿಗಳನ್ನು ಯಾರಾದರೂ ಕೂಡಿಸಿ ನೋಡಿದ್ದರೆ ಅಪಾಯ ಆಗಲೇ ತಿಳಿಯುತ್ತಿತ್ತು. ಬ್ರಿಟನ್ನಿನಲ್ಲಿ 10,000, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆಗಳಲ್ಲಿ ಕನಿಷ್ಠ 50,000 ಕೂಸುಗಳನ್ನು ಉಳಿಸಬಹುದಿತ್ತು ಅಂತ ಅವರ ಅಂದಾಜು.

ಆ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಸಿಟ್ಟು ಬರಲೇಬೇಕು. ಆದರೆ ಆ ಸಿಟ್ಟು ನನ್ನನ್ನು ಕರೆದೊಯ್ದದ್ದು ಬೇರೆ ಕಡೆಗೆ. ಮೊದಲ ಸಲಹೆ ಕೆಟ್ಟದ್ದು ಪರೀಕ್ಷಿಸದೆ ಕೊಟ್ಟಿದ್ದರಿಂದ. ಅದನ್ನು ಬದಲಿಸಿದ್ದು ಎಣಿಕೆ. ಹಾಗಾಗಿ ಡಾಕ್ಟರು ಹೇಳಿದರೂ, ಪಟ್ಟಿ ಮಾರುವವರು ಹೇಳಿದರೂ, ಈ ನರ್ಸು ಹೇಳಿದರೂ "ಇದನ್ನು ಹೇಗೆ ಪರೀಕ್ಷೆ ಮಾಡಿ ತಿಳಿದಿರಿ?" ಅಂತಲೇ ಕೇಳಿ. ಬಿಳಿ ಕೋಟಿಗೆ ಇದರಲ್ಲಿ ರಿಯಾಯಿತಿ ಬೇಡ. ಸಲಹೆ ಬದಲಾಗಿದ್ದನ್ನು ಕಂಡು ನಿಮಗೆ ನಂಬಿಕೆ ಹೋಯಿತು. ಬದಲಾಗದೇ ಇದ್ದಿದ್ದರೆ ನಿಮ್ಮ ಮಗಳೂ ಬೋರಲು ಮಲಗುತ್ತಿದ್ದಳಲ್ಲ ಅಂತ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಇನ್ನು "ಇರಲಿ ಬಿಡಿ" ಅಂದಿರಿ. ಅಪ್ಪನ ಮಂಡಿಯಷ್ಟಕ್ಕೇ ನಿಂತರೆ ನಾನೂ ಇರಲಿ ಅನ್ನುತ್ತಿದ್ದೆ, ನಿಜವಾಗಿ. ಆದರೆ ನಿಂತಿಲ್ಲ, ಆಗಲೇ ಬಿಪಿಗೆ ದಾಟಿದೆ. ಪರೀಕ್ಷೆಯಿಲ್ಲದ ನಂಬಿಕೆ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಎಡಿಇ 651 ಅಂತ ಒಂದು ಸಾಧನ. ಕೈಯಲ್ಲಿ ಹಿಡಿಯುವ ಹಿಡಿ, ಅದರ ತುದಿಯಲ್ಲಿ ಅತ್ತಿತ್ತ ತಿರುಗುವ ಒಂದು ಕಡ್ಡಿ. ಬಾಂಬು ಇರುವ ಕಡೆಗೆ ಕಡ್ಡಿ ತಿರುಗುತ್ತದೆ ಅಂತ ಬ್ರಿಟನ್ನಿನ ವ್ಯಾಪಾರಿಯೊಬ್ಬ ಹಲವು ದೇಶಗಳಿಗೆ ಮಾರಿದ. ಇರಾಕ್ ಸರ್ಕಾರ ಕೋಟ್ಯಂತರ ಡಾಲರ್ ಸುರಿದು ಕೊಂಡು ಬಾಗ್ದಾದಿನ ತಪಾಸಣೆ ಠಾಣೆಗಳಲ್ಲಿ ಸೈನಿಕರ ಕೈಗೆ ಕೊಟ್ಟಿತು. ಒಳಗೆ ಬ್ಯಾಟರಿಯೂ ಇಲ್ಲ, ಕೆಲಸ ಮಾಡುವ ಯಾವ ಭಾಗವೂ ಇಲ್ಲ. ಕಳೆದುಹೋದ ಗಾಲ್ಫ್ ಚೆಂಡು ಹುಡುಕಿಕೊಡುತ್ತದೆ ಅಂತ ಮಾರುತ್ತಿದ್ದ ಆಟಿಕೆಯನ್ನು ನೋಡಿ ಮಾಡಿದ್ದು. ಹಿಡಿದವರ ಕೈಯ ಸಣ್ಣ ಅಲುಗಾಟಕ್ಕೆ ಕಡ್ಡಿ ತಿರುಗುತ್ತಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ. 2013ರಲ್ಲಿ ಆ ವ್ಯಾಪಾರಿಗೆ 10 ವರ್ಷ ಜೈಲಾಯಿತು. ಆಮೇಲೂ ಆ ಕಡ್ಡಿಗಳು ಠಾಣೆಗಳಲ್ಲಿ ಉಳಿದವು. 2016ರ ಜುಲೈನಲ್ಲಿ ಬಾಗ್ದಾದಿನಲ್ಲಿ ಭೀಕರ ಸ್ಫೋಟವಾದ ಮೇಲೆ ಅಲ್ಲಿನ ಪ್ರಧಾನಿ ಅವನ್ನು ವಾಪಸ್ ತೆಗೆದುಕೊಳ್ಳಿ ಅಂತ ಆಜ್ಞೆ ಮಾಡಿದರು.

ಪರೀಕ್ಷೆಗೆ ಏನು ಬೇಕಿತ್ತು? ಹತ್ತು ಮುಚ್ಚಿದ ಪೆಟ್ಟಿಗೆ, ಒಂದರಲ್ಲಿ ಸ್ಫೋಟಕ, ಯಾವುದರಲ್ಲಿದೆ ಅಂತ ಗೊತ್ತಿಲ್ಲದ ಒಬ್ಬ ಸೈನಿಕ. ಹಲವು ಸಲ ಮಾಡಿದ್ದರೆ ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತಿತ್ತು. ಆ ಠಾಣೆಗಳ ಸೈನಿಕರಲ್ಲೂ "ನನ್ನ ಕೈಯಲ್ಲಿ ತಿರುಗಿದ್ದನ್ನು ನಾನೇ ನೋಡಿದ್ದೇನೆ" ಅಂತ ನಂಬಿದವರಿದ್ದರು, ಅಮ್ಮ.

ಲೆಕ್ಕದ ಮೇಷ್ಟ್ರು

ನರ್ಸಮ್ಮ ಹೇಳಿದ ಮನೆಯ ಪ್ರಯೋಗಕ್ಕೆ ಒಂದು ಸೇರ್ಪಡೆ. ಮೊದಲ ಎರಡು ಮೂರು ದಿನದ ಅಂಕಿಯನ್ನು ಪ್ರತಿ ವಾರವೂ ಬಿಟ್ಟು ಲೆಕ್ಕ ಹಾಕಿ. ಹಿಂದಿನ ವಾರದ ಪರಿಣಾಮ ಏನಾದರೂ ಉಳಿದಿದ್ದರೆ ಅದು ಈ ವಾರಕ್ಕೆ ಬೆರೆಯಬಾರದು. ಇದನ್ನೂ ಮೊದಲ ಪುಟದಲ್ಲೇ ಬರೆದುಕೊಳ್ಳಬೇಕು.

ಹಿರಿಮಗಳು

ಎಲ್ಲರಿಗೂ ಋಣಿ. ಅಕ್ಕ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಲಿಲ್ಲ, ಮೊಬೈಲನ್ನೇ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮೂರು ಮಕ್ಕಳ ತಾಯಿಯವರ ಮಾತಿಗೆ "ಸರಿಯಾಗಿ ಕೇಳಿದಾರೆ" ಅಂದರು. ಬೆರಳು ಮಡಚಿ ತೋರಿಸಿದವರ ಕಥೆಯನ್ನು ಎರಡು ಸಲ ಓದಿದರು.

ಆಮೇಲೆ ಅವರದೇ ಪ್ರಶ್ನೆಗಳು ಶುರುವಾದವು. ನಾಣ್ಯ ಚಿಮ್ಮುವುದು ಯಾಕೆ, ಒಂದು ವಾರ ಬಿಟ್ಟು ಒಂದು ವಾರ ಅಂತ ಕ್ರಮವಾಗಿ ಮಾಡಿದರೆ ಆಗಲ್ಲವಾ ಅಂದವರು, ತಾವೇ ಸ್ವಲ್ಪ ಹೊತ್ತು ಯೋಚಿಸಿ "ಹಾಗಾದರೆ ನನಗೆ ಗೊತ್ತಾಗಿಬಿಡುತ್ತೆ" ಅಂದರು. ಲಕೋಟೆ ತಮ್ಮನ ಹತ್ತಿರ ಇರಬೇಕಂತೆ, ನನ್ನ ಹತ್ತಿರ ಇದ್ದರೆ ನನ್ನ ಮುಖ ನೋಡಿ ಹೇಳಿಬಿಡುತ್ತಾರಂತೆ. ಪೇಸ್‌ಮೇಕರ್ ಇಲ್ಲ. ಮೊದಲ ಪುಟ ಬರೆದಾಗಿದೆ, ಮೇಷ್ಟ್ರು ಹೇಳಿದ್ದನ್ನೂ ಸೇರಿಸಿದ್ದಾರೆ. ಅಪ್ಪ ಇಟ್ಟ ನಿಯಮ: ವಾರದ ಸರಾಸರಿಯಲ್ಲಿ ಕನಿಷ್ಠ ಎರಡು ಅಂಕಿಯ ವ್ಯತ್ಯಾಸ ಬರಬೇಕು. ಒಂದು ಸಾಕಲ್ಲವಾ ಅಂತ ನಾನು ಕೇಳಿದರೆ, ಒಂದು ಅಂಕಿ ಮನಸ್ಸು ಸರಿಯಿಲ್ಲದಿದ್ದರೂ ಏರುತ್ತೆ ಅಂತ ಅವರೇ ಹೇಳಿದರು.

ಅವರು ನಿಮ್ಮನ್ನು ಕೇಳು ಅಂದ ಎರಡು ವಿಷಯ ಇವೆ. ನನ್ನೊಬ್ಬನ ಮೇಲೆ ಮಾಡಿದ್ದು ಬೇರೆಯವರಿಗೂ ಹೇಳಬಹುದಾ? ಪಟ್ಟಿ ಸೋತರೆ ಮಂಡಿಗೆ ಏನು ಮಾಡಲಿ? ಬಿಪಿ ಪಟ್ಟಿ ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ, ಮಾತ್ರೆ ನುಂಗುತ್ತಿದ್ದಾರೆ. ಮನೆಯಲ್ಲೇ ಬಿಪಿ ನೋಡುವ ಮಿಷನ್ ತಂದಿದ್ದೇವೆ, ಒಂದೊಂದು ಸಲ ಒಂದೊಂದು ತೋರಿಸುತ್ತಿದೆ. ಅದಕ್ಕೇ ಅಪ್ಪ "ಇದನ್ನೂ ನಂಬೋದು ಹೇಗೆ" ಅಂತಿದ್ದಾರೆ.

ನಿವೃತ್ತ ನರ್ಸ್

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಎರಡು ಅಂಕಿ ಅಂತ ಅವರೇ ಇಟ್ಟುಕೊಂಡಿದ್ದು ಓದಿ ತುಂಬ ಸಂತೋಷವಾಯಿತು.

ಅವರೊಬ್ಬರ ಮೇಲೆ ಮಾಡಿದ್ದು ಅವರೊಬ್ಬರಿಗೇ ಉತ್ತರ, ಅವರ ಮಂಡಿಗೆ ಅಷ್ಟು ಸಾಕು. ಬೇರೆಯವರಿಗೆ ಫಲ ಹೇಳುವುದಕ್ಕಿಂತ ಪುಸ್ತಕ ಇಡುವ ರೀತಿ ಹೇಳಿಕೊಡಲಿ. ಪಟ್ಟಿ ಸೋತರೆ ಮಂಡಿಗೆ ಮಾಡಲು ಕೆಲಸ ಇದೆ. ಸವೆದ ಮಂಡಿಯ ನೋವಿಗೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಮತ್ತು ನಡಿಗೆಯಿಂದ ಅನುಕೂಲ ಆಗುತ್ತದೆ ಅಂತ ಬಹಳಷ್ಟು ಪ್ರಯೋಗಗಳಲ್ಲಿ ಕಂಡಿದೆ, ತೂಕ ಹೆಚ್ಚಿದ್ದರೆ ಇಳಿಸಿದರೂ ಆಗುತ್ತದೆ. ಯಾವ ವ್ಯಾಯಾಮ, ಎಷ್ಟು ಅಂತ ಫಿಸಿಯೋಥೆರಪಿಯವರು ಮಂಡಿ ನೋಡಿ ಹೇಳಲಿ. ಪಟ್ಟಿಯ ಪ್ರಯೋಗ ನಡೆಯುವಾಗ ಮಾತ್ರ ಹೊಸದಾಗಿ ಏನನ್ನೂ ಶುರು ಮಾಡಬೇಡಿ, ಯಾವುದರಿಂದ ಏನಾಯಿತು ಅಂತ ಮತ್ತೆ ಗೊತ್ತಾಗದೆ ಹೋಗುತ್ತದೆ.

ಮಿಷನ್ ಬೇರೆಬೇರೆ ತೋರಿಸುವುದು ಬಹುಮಟ್ಟಿಗೆ ಮಿಷನ್ನಿನ ತಪ್ಪಲ್ಲ. ಬಿಪಿಯೇ ಗಳಿಗೆಗೊಂದು ಥರ ಇರುತ್ತದೆ, ನೋಡುವ ರೀತಿಯಿಂದಲೂ ಬದಲಾಗುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಲಿ. ಎರಡು ಪಾದವೂ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಹಾಕಬಾರದು. ಮಿಷನ್ನಿನ ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ, ಬಟ್ಟೆಯ ಮೇಲೆ ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇರಲಿ. ಕೈ ಕೆಳಗೆ ಜೋತುಬಿದ್ದಿದ್ದರೆ ಅಂಕಿ ಹೆಚ್ಚು ಬರುತ್ತದೆ. ಆ ಹೊತ್ತಿನಲ್ಲಿ ಮಾತಾಡಬಾರದು, ನೀವೂ ಮಾತಾಡಿಸಬಾರದು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆಯಲಿ, ಚೆನ್ನಾಗಿ ಕಂಡದ್ದನ್ನು ಮಾತ್ರ ಅಲ್ಲ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಒಂದು ಹೊತ್ತು, ಒಂದು ವಾರ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಪುಸ್ತಕದ ಜೊತೆ ಮಿಷನ್ನನ್ನೂ ತೆಗೆದುಕೊಂಡು ಹೋಗಿ, ಅವರದ್ದರ ಪಕ್ಕ ಇಟ್ಟು ಅದೇ ತೋಳಿನಲ್ಲಿ ಅಪ್ಪನೇ ತಾಳೆ ನೋಡಲಿ.